ಪಾಲಿಸಿಯಲ್ಲಿ ಅಕ್ಕನ ಹೆಸರು ಎಲ್ಲಿದೆ? ಕಾರು ವಿಮೆಯ ಪತ್ರವನ್ನು ಪಠ್ಯವಾಗಿ ಓದುವ ಒಂದು ಪ್ರಯತ್ನ

(ವಿಭಾಗದ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಆಡುಮಾತಿನ ರೂಪಗಳನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನನ್ನ ಧ್ವನಿ ಕೇಳಿಸ್ತಿದೆ ಅಂದ್ಕೊಳ್ತೀನಿ. ಹೊಸೂರಿನಿಂದ ಮಾತಾಡ್ತಿದೀನಿ, ಇಲ್ಲಿ ಈಗ ಮೋಡ ಕವಿದಿದೆ. ಮಧ್ಯೆ ಧ್ವನಿ ಕಡಿದುಹೋದರೆ ದಯವಿಟ್ಟು ಚಾಟ್‌ನಲ್ಲಿ ತಿಳಿಸಿ.

ಈ ಸಂಕಿರಣಕ್ಕೆ ದಿನಬಳಕೆಯ ದಾಖಲೆಗಳ ಭಾಷೆ ಕುರಿತು ಬರೆಯಿರಿ ಅಂದಾಗ ಗೆಳೆಯರು ಪಹಣಿ, ಲಗ್ನಪತ್ರಿಕೆ, ರೇಷನ್ ಕಾರ್ಡು ಆರಿಸಿಕೊಂಡರು. ನಾನು ಕಾರಿನ ಇನ್ಶೂರೆನ್ಸ್ ಪಾಲಿಸಿ ಆರಿಸಿಕೊಂಡೆ ಅಂದಾಗ ಒಬ್ಬ ಗೆಳತಿ ನಕ್ಕಳು. ನಿಜ ಹೇಳಬೇಕಂದ್ರೆ ನಾನು ಆರಿಸಿಕೊಂಡಿದ್ದಲ್ಲ, ಅದು ನನ್ನ ಕೈಗೆ ಬಂದದ್ದು. ನಮ್ಮಕ್ಕ ದೇಂಕಣಿಕೋಟೆ ಕಡೆಯ ಒಂದು ಶಾಲೆಯಲ್ಲಿ ಟೀಚರ್. ಭಾವನಿಗೆ ಹೊಸೂರಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಾರೆ. ಕಾರು ಭಾವನ ಹೆಸರಿನಲ್ಲಿದೆ, ಓಡಿಸೋದು ಅಕ್ಕ. ಭಾವನ ತಮ್ಮ ಲಂಡನ್ನಿನಲ್ಲಿದ್ದಾರೆ. ಅವರು ಒಂದು ಭಾನುವಾರ ಫೋನ್ ಮಾಡಿ, "ಅತ್ತಿಗೆ ಹೆಸರು ಇನ್ಶೂರೆನ್ಸಿಗೆ ಸೇರಿಸಿದೀಯೇನೋ? ಇಲ್ಲ ಅಂದ್ರೆ ಅವರು ಕಾರು ಮುಟ್ಟೋ ಹಾಗೇ ಇಲ್ಲ" ಅಂದರು. ಮನೆಯಲ್ಲಿ ಗಾಬರಿ. ಪಾಲಿಸಿಯ ಕಾಗದ ತೆಗೆದರು, ಇಂಗ್ಲಿಷಿನಲ್ಲಿ ಸಣ್ಣ ಅಕ್ಷರಗಳು. ಭಾವ ಅದನ್ನು ನನ್ನ ಮುಂದೆ ಇಟ್ಟು, "ಎಂ.ಎ. ಓದ್ತಿದೀಯಲ್ಲ, ಓದಿ ಹೇಳು" ಅಂದರು.

ಹಾಗೆ ಓದಿದ್ದು. ಹಳಗನ್ನಡದ ಪಠ್ಯ ಓದುವಾಗ ಏನು ಮಾಡ್ತೀವೋ ಅದನ್ನೇ ಮಾಡಿದೆ: ಕರ್ತೃ ಯಾರು, ಕ್ರಿಯಾಪದ ಯಾವುದು, ಯಾರ ಹೆಸರು ಎಲ್ಲಿ ಬರುತ್ತೆ, ಎಲ್ಲಿ ಬರೋದಿಲ್ಲ.

ಮೊದಲು ಲಂಡನ್ನಿನ ಮಾತು. ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಅಲ್ಲಿನ ಸತ್ಯ. ಬ್ರಿಟನ್ನಿನಲ್ಲಿ ಕಾರಿನ ವಿಮೆ ಸಾಮಾನ್ಯವಾಗಿ ಓಡಿಸುವವರನ್ನು ಲೆಕ್ಕ ಹಾಕಿ ಕೊಡುವಂಥದ್ದು. ಮುಖ್ಯ ಚಾಲಕ ಯಾರು, ಇನ್ನು ಯಾರ್ಯಾರು ಓಡಿಸ್ತಾರೆ, ಅವರ ವಯಸ್ಸೆಷ್ಟು, ಹಿಂದೆ ಅಪಘಾತ ಮಾಡಿದ್ದಾರಾ, ಇವೆಲ್ಲ ಕೇಳಿ ಹೆಸರು ಬರೆದುಕೊಳ್ತಾರೆ. ಹೆಸರಿಲ್ಲದವರು ಓಡಿಸಿದರೆ ವಿಮೆಯೇ ಇಲ್ಲದ ಹಾಗೆ. ನಮ್ಮಲ್ಲಿ ವಿಮೆ ಗಾಡಿಗೆ. 2002ರ ಜುಲೈ 1ರಿಂದ ಜಾರಿಗೆ ಬಂದ ಭಾರತದ ಮೋಟಾರು ಸುಂಕಪಟ್ಟಿ (ಇಂಡಿಯಾ ಮೋಟಾರ್ ಟ್ಯಾರಿಫ್) ಖಾಸಗಿ ಕಾರಿನ ಪಾಲಿಸಿಗೆ ಒಂದು ಮಾದರಿ ಒಕ್ಕಣೆ ಕೊಟ್ಟಿತು. 2007ರಿಂದ ದರ ನಿಗದಿಯ ವಿಷಯದಲ್ಲಿ ಕಂಪನಿಗಳ ಕೈ ಬಿಚ್ಚಿದರೂ ಆ ಒಕ್ಕಣೆ ಬಹುಪಾಲು ಹಾಗೇ ಉಳಿದುಕೊಂಡಿದೆ. ಅದರಲ್ಲಿ ಚಾಲಕನ ಬಗ್ಗೆ ಒಂದು ವಾಕ್ಯ ಇದೆ. ಅದರ ತಾತ್ಪರ್ಯ ಇಷ್ಟು: ವಿಮೆದಾರನೂ ಸೇರಿದಂತೆ ಯಾರು ಬೇಕಾದರೂ ಓಡಿಸಬಹುದು, ಆದರೆ ಅಪಘಾತದ ಹೊತ್ತಿಗೆ ಅವರ ಹತ್ತಿರ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಲೈಸೆನ್ಸ್ ಪಡೆಯಲು ಅನರ್ಹರಾಗಿರಬಾರದು.

"ಯಾರು ಬೇಕಾದರೂ". ಇದು ಸರ್ವನಾಮ, ಅಂಕಿತನಾಮ ಅಲ್ಲ. ಅಕ್ಕ, ತಂಗಿ, ಪಕ್ಕದ ಮನೆಯವರು, ಎಲ್ಲರೂ ಅದರಲ್ಲಿ ಅಡಗಿದ್ದಾರೆ. ನಮ್ಮ ಏಜೆಂಟರಿಗೆ ಫೋನ್ ಮಾಡಿದಾಗ ಅವರು ತಮಿಳಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಲೈಸೆನ್ಸ್ ಇರುಕ್ಕಾ? ಅಪ್ಪೋ ಓಟ್ಟಲಾಂ." ಲೈಸೆನ್ಸ್ ಇದೆಯಾ, ಹಾಗಾದ್ರೆ ಓಡಿಸಬಹುದು. ಇಷ್ಟೂ ಪುಟದ ಇಂಗ್ಲಿಷನ್ನು ಇಷ್ಟು ಚೊಕ್ಕವಾಗಿ ನಾನಂತೂ ಅನುವಾದ ಮಾಡಲಾರೆ.

ಪ್ರೀಮಿಯಂ ಲೆಕ್ಕದಲ್ಲೂ ಹಾಗೇ. ಮೂರನೆಯವರಿಗಾಗಿ ಕಡ್ಡಾಯವಾಗಿ ಕಟ್ಟುವ ಹಣ, ಅಂದರೆ ಥರ್ಡ್ ಪಾರ್ಟಿ ಪ್ರೀಮಿಯಂ, ಎಂಜಿನ್ನಿನ ಸಿಸಿ ನೋಡಿ ಬರುತ್ತೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 1000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿಗೆ 3,416, ಅದಕ್ಕೂ ಮೇಲ್ಪಟ್ಟು 7,897. ಓಡಿಸೋದು ಗಂಡನೋ ಹೆಂಡತಿಯೋ ಅಂತ ಈ ಪಟ್ಟಿ ಕೇಳೋದಿಲ್ಲ. ನಮ್ಮ ಗಾಡಿಗೇ ಆಗುವ ನಷ್ಟದ ಭಾಗಕ್ಕೆ ಕಾರಿನ ವಯಸ್ಸು, ಬೆಲೆ, ಮತ್ತು ಎಲ್ಲಿ ನೋಂದಣಿ ಅನ್ನೋದು ಸೇರುತ್ತೆ. ಹಳೆಯ ಸುಂಕಪಟ್ಟಿ ದೇಶವನ್ನು ಎರಡು ವಲಯ ಮಾಡಿದೆ: ಬೆಂಗಳೂರು, ಚೆನ್ನೈ ಥರದ ಎಂಟು ದೊಡ್ಡ ನಗರಗಳು ಎ, ಉಳಿದದ್ದೆಲ್ಲ ಬಿ. ಆ ಲೆಕ್ಕದಲ್ಲಿ ನಮ್ಮ ಟಿಎನ್ 70 ಗಾಡಿ ಬಿ ವಲಯದ್ದು, ಅತ್ತಿಬೆಲೆ ದಾಟಿ ದಿನಾ ಬೆಂಗಳೂರಿಗೇ ಹೋಗಿಬಂದರೂ ಬಿ ವಲಯದ್ದೇ. ಗಡಿ ಇರೋದು ದರಪಟ್ಟಿಯಲ್ಲಿ ಮಾತ್ರ. ವಿಮೆ ಇಡೀ ಭಾರತಕ್ಕೆ ಅನ್ವಯ.

ಹಾಗಾಗಿ ಅಕ್ಕ ಕಾರು ಓಡಿಸುವಾಗ ಯಾರಿಗಾದರೂ ತಗುಲಿದರೆ, ಅವರ ಸಾವು ನೋವಿಗೆ ಭಾವನ ಪಾಲಿಸಿಯೇ ಪರಿಹಾರ ಕೊಡುತ್ತೆ. ಬಂಪರ್ ಜಜ್ಜಿದರೆ ರಿಪೇರಿಯೂ ಸಿಗುತ್ತೆ. ಆದರೆ ಕ್ಲೈಮ್ ಮಾಡಿದ ವರ್ಷ ಭಾವನ ನೋ ಕ್ಲೈಮ್ ಬೋನಸ್ ಹೋಗುತ್ತೆ, ಯಾಕಂದ್ರೆ ಆ ಬೋನಸ್ ವಿಮೆದಾರನದು. ಇದರ ಬಗ್ಗೆ ಮನೆಯಲ್ಲಿ ಒಂದಷ್ಟು ಮಾತುಕತೆ ಆಯ್ತು, ಅದು ಇಲ್ಲಿ ಬೇಡ.

ಇಲ್ಲಿಗೆ ನನ್ನ ಓದು ಮುಗಿದಿತ್ತು. "ಹೆಸರು ಸೇರಿಸೋದೇನೂ ಬೇಡ" ಅಂತ ಹೇಳಿ ಕಾಗದ ಮಡಚಿ ಕೊಡೋಕೆ ಹೋದೆ. ಆಗ ಅಕ್ಕ ಅಂದಳು: "ನನ್ನ ಹೆಸರು ಇದೆಯಲ್ಲ, ಇಲ್ಲಿ ನೋಡು."

ಇತ್ತು. ಮೊದಲ ಪುಟದ ಕೆಳಗೆ, ನಾಮಿನಿ ಅನ್ನೋ ಕಡೆ.

ಹೀಗಾಗಿ ಮತ್ತೆ ಓದಿದೆ. ನಾಮಿನಿ ಇರೋದು ಯಾವುದಕ್ಕೆ ಅಂದ್ರೆ, ಓನರ್ ಡ್ರೈವರ್‌ಗೆ ಇರುವ ವೈಯಕ್ತಿಕ ಅಪಘಾತ ವಿಮೆಗೆ. ಇದನ್ನು ಮಾಲೀಕ-ಚಾಲಕ ವಿಮೆ ಅನ್ನೋಣ. ಮಾಲೀಕ ಸತ್ತರೆ, ಅಥವಾ ಎರಡು ಕೈಕಾಲು, ಎರಡು ಕಣ್ಣು ಕಳೆದುಕೊಂಡರೆ ಪೂರ್ತಿ ಮೊತ್ತ. ಒಂದು ಕೈಯೋ ಕಾಲೋ ಕಣ್ಣೋ ಹೋದರೆ ಅರ್ಧ. ಮೊದಲು ಇದರ ಮೊತ್ತ ಕಾರಿಗೆ 2 ಲಕ್ಷ, ಬೈಕಿಗೆ 1 ಲಕ್ಷ ಇತ್ತು. 2017ರಲ್ಲಿ ಮದ್ರಾಸ್ ಹೈಕೋರ್ಟ್ ಒಂದು ತೀರ್ಪಿನಲ್ಲಿ ಇದು ತೀರಾ ಕಡಿಮೆ, ಹೆಚ್ಚಿಸಬೇಕು ಅಂತ ಹೇಳಿತು. ಅದರ ಮೇಲೆ ವಿಮಾ ನಿಯಂತ್ರಣ ಪ್ರಾಧಿಕಾರ 2018ರ ಸೆಪ್ಟೆಂಬರಿನಲ್ಲಿ 15 ಲಕ್ಷಕ್ಕೆ ಏರಿಸಿತು, ಆಗ ಇಟ್ಟ ಪ್ರೀಮಿಯಂ ವರ್ಷಕ್ಕೆ 750 ರೂಪಾಯಿ. ಇಡೀ ದೇಶದ ಪಾಲಿಸಿಗಳಲ್ಲಿ ಕೂತಿರುವ ಈ 15 ಲಕ್ಷದ ಹಿಂದೆ ತಮಿಳುನಾಡಿನ ಕೋರ್ಟು ಇದೆ ಅನ್ನೋದು ನಮ್ಮ ಕಡೆಯವರಿಗೆ ಗೊತ್ತಿಲ್ಲ.

ಈ ಮಾಲೀಕ-ಚಾಲಕ ಯಾರು? ಪಾಲಿಸಿ ಮೂರು ಷರತ್ತು ಹಾಕುತ್ತೆ: ಆರ್‌ಸಿಯಲ್ಲಿ ಅವರ ಹೆಸರಿರಬೇಕು, ಪಾಲಿಸಿಯಲ್ಲಿ ಅವರ ಹೆಸರಿರಬೇಕು, ಅವರ ಹತ್ತಿರ ಚಾಲ್ತಿ ಲೈಸೆನ್ಸ್ ಇರಬೇಕು. ಅಕ್ಕನಿಗೆ ಮೂರನೆಯದು ಮಾತ್ರ ಇದೆ. ಇನ್ನೊಂದು ಮಾತೂ ಅಲ್ಲೇ ಇದೆ. ಮಾಲೀಕ ತಾನು ಓಡಿಸುವಾಗ ಮಾತ್ರ ಅಲ್ಲ, ಗಾಡಿ ಹತ್ತುವಾಗ, ಇಳಿಯುವಾಗ, ಸಹಚಾಲಕನಾಗಿ ಕೂತು ಪ್ರಯಾಣಿಸುವಾಗಲೂ ಈ ವಿಮೆ ಇರುತ್ತೆ. ಈಗ ಒಂದು ಚಿತ್ರ ಊಹಿಸಿಕೊಳ್ಳಿ. ಅಕ್ಕ ಸ್ಟೇರಿಂಗ್ ಹಿಡಿದಿದ್ದಾಳೆ, ಪಕ್ಕದಲ್ಲಿ ಭಾವ ಕೂತಿದ್ದಾರೆ. ದೇಂಕಣಿಕೋಟೆ ರಸ್ತೆ, ಬೆಳಗಿನ ಮಬ್ಬು. ರಾಗಿ ಕೊಯ್ಲಿನ ಕಾಲದಲ್ಲಿ ಬನ್ನೇರುಘಟ್ಟ ಕಡೆಯಿಂದ ಆನೆಗಳು ಇಳಿಯೋದು ನಮಗೆ ಹೊಸದಲ್ಲ. ಆನೆ ಕಂಡು ಅಕ್ಕ ಗಾಡಿ ತಿರುಗಿಸಿ ಹುಣಸೆಮರಕ್ಕೆ ಗುದ್ದಿದಳು ಅನ್ನಿ. ಬೇರೆ ಗಾಡಿ ಇಲ್ಲ, ಬೇರೆಯವರ ತಪ್ಪಿಲ್ಲ. ಪಕ್ಕದಲ್ಲಿ ಕೂತ ಭಾವನಿಗೆ 15 ಲಕ್ಷದ ವಿಮೆ ಇದೆ. ಓಡಿಸುತ್ತಿದ್ದ ಅಕ್ಕನಿಗೆ ಪಾಲಿಸಿಯ ಅಕ್ಷರದ ಪ್ರಕಾರ ಏನೂ ಇಲ್ಲ.

ಕೇಶಿರಾಜನ ಶಬ್ದಮಣಿದರ್ಪಣ ಪಾಠ ಆಗಿರುವವರಿಗೆ ಇದನ್ನು ಒಂದೇ ಸಾಲಿನಲ್ಲಿ ಹೇಳಬಹುದು: ಈ ಪಠ್ಯದಲ್ಲಿ ಭಾವ ಪ್ರಥಮಾ ವಿಭಕ್ತಿಯಲ್ಲಿದ್ದಾರೆ, ಅಕ್ಕ ಚತುರ್ಥಿಯಲ್ಲಿದ್ದಾಳೆ. ಅವನು ಸತ್ತರೆ ಅವಳಿಗೆ. ಅವಳು ಓಡಿಸಬಲ್ಲಳು ಅನ್ನೋದು ಸರ್ವನಾಮದಲ್ಲಿ ಅಡಗಿದೆ, ಅವಳು ಸಾಯಬಲ್ಲಳು ಅನ್ನೋದು ಎಲ್ಲೂ ಇಲ್ಲ.

ಕೋರ್ಟುಗಳು ಇದನ್ನು ಹೇಗೆ ನೋಡಿವೆ? ಇದಕ್ಕೆ ನಮ್ಮ ಕನ್ನಡನಾಡಿನದೇ ಪ್ರಕರಣ ಇದೆ. ನಿಂಗಮ್ಮ ಮತ್ತು ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಅಂತ ವಕೀಲರು ಉಲ್ಲೇಖಿಸುವ, 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣ. ಒಬ್ಬರು ಪರಿಚಯದವರ ಬೈಕ್ ಕೇಳಿ ಪಡೆದು ಇಳಕಲ್ಲಿನಿಂದ ತಮ್ಮ ಊರು ಗುಡೂರಿಗೆ ಹೊರಟಿದ್ದರು. ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನಗಾಡಿ ತಟ್ಟನೆ ನಿಂತಿತು, ಇವರು ಅದಕ್ಕೆ ಡಿಕ್ಕಿ ಹೊಡೆದು ತೀರಿಕೊಂಡರು. ಹೆಂಡತಿ ಆ ಬೈಕಿನ ವಿಮಾ ಕಂಪನಿಯ ಮೇಲೆ ಪರಿಹಾರ ಕೇಳಿದರು. ಮೋಟಾರು ವಾಹನ ಕಾಯ್ದೆಯ 163ಎ ಅಡಿಯಲ್ಲಿ ಇದು ನಡೆಯೋದಿಲ್ಲ ಅಂತ ಕೋರ್ಟ್ ಹೇಳಿತು. ಕಾರಣ: ಗಾಡಿ ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿ ನಿಲ್ಲುತ್ತಾನೆ, ಮಾಲೀಕ ತನ್ನ ಮೇಲೆ ತಾನೇ ಪರಿಹಾರ ಕೇಳಲಾರ. 166ರ ಅಡಿಯಲ್ಲಿ ಏನಾದರೂ ಸಾಧ್ಯವೇ ನೋಡಿ ಅಂತ ಹೈಕೋರ್ಟಿಗೆ ವಾಪಸ್ ಕಳಿಸಿತು. ಇಂಗ್ಲಿಷಿನ ತೀರ್ಪುಗಳು ಇದಕ್ಕೆ ಪಾದರಕ್ಷೆಯ ರೂಪಕ ಬಳಸ್ತವೆ, ಎರವಲು ಪಡೆದವನು ಮಾಲೀಕನ ಪಾದರಕ್ಷೆಯಲ್ಲಿ ಕಾಲಿಟ್ಟ ಅಂತ. ನಮಗೆ ಪಾದುಕೆ ಅಂದ ತಕ್ಷಣ ನೆನಪಾಗೋದು ಭರತ. ಅವನು ಅದರಲ್ಲಿ ಕಾಲಿಡಲಿಲ್ಲ, ತಲೆ ಮೇಲೆ ಹೊತ್ತ. ಈ ವ್ಯತ್ಯಾಸದ ಮೇಲೇ ಒಂದು ಪ್ರಬಂಧ ಬರೀಬಹುದು, ಇವತ್ತು ಬೇಡ.

ಇನ್ನೊಂದು 2025ರ ಜುಲೈನದು. 2014ರಲ್ಲಿ ಮಲ್ಲಸಂದ್ರದಿಂದ ಅರಸೀಕೆರೆಗೆ ಬೇರೆಯವರ ಕಾರಿನಲ್ಲಿ ಮನೆಯವರನ್ನು ಕೂರಿಸಿಕೊಂಡು ಹೊರಟವರು ವೇಗದಲ್ಲಿ ನಿಯಂತ್ರಣ ತಪ್ಪಿ ತೀರಿಕೊಂಡರು. ಕುಟುಂಬ 80 ಲಕ್ಷ ಕೇಳಿತ್ತು. ತನ್ನದೇ ಅಜಾಗರೂಕತೆಯಿಂದ ಆದ ಅಪಘಾತಕ್ಕೆ ವಾರಸುದಾರರು ಪರಿಹಾರ ಕೇಳುವಂತಿಲ್ಲ ಅನ್ನೋ ಕರ್ನಾಟಕ ಹೈಕೋರ್ಟಿನ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೈಹಾಕಲಿಲ್ಲ.

ಆದರೆ ಇವೆರಡರ ನಡುವೆ 2020ರ ರಾಮ್‌ಖಿಲಾಡಿ ಪ್ರಕರಣ ಬರುತ್ತೆ, ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇದು. ಅಲ್ಲೂ ಎರವಲು ಬೈಕು, ಅಲ್ಲೂ 163ಎ ಕ್ಲೈಮು ಬಿತ್ತು. ಆದರೆ ಸುಪ್ರೀಂ ಕೋರ್ಟ್ ಒಂದು ಹೆಜ್ಜೆ ಮುಂದೆ ಹೋಯ್ತು: ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿದ್ದಾನೆ ಅಂದಮೇಲೆ, ಮಾಲೀಕ-ಚಾಲಕನಿಗೆ ಪಾಲಿಸಿಯಲ್ಲಿ ಇರುವ 1 ಲಕ್ಷವಾದರೂ ಅವನ ಕುಟುಂಬಕ್ಕೆ ಸಿಗಬೇಕು ಅಂತು. ಕಳೆದುಕೊಳ್ಳೋಕೆ ಮಾಲೀಕನಾದವನು ಪಡೆಯೋಕೂ ಮಾಲೀಕ. ಇದು ನ್ಯಾಯವಾದ ಓದು. ಇದನ್ನು ಹಿಡಿದು ನಮ್ಮ ಅಕ್ಕನ ಥರದವರ ಕುಟುಂಬವೂ ವಾದ ಮಾಡಬಹುದು. ಆದರೆ ವಾದ ಮಾಡಬೇಕು, ಅದೇ ತೊಂದರೆ. ಪಾಲಿಸಿಯ ಅಕ್ಷರ ಈಗಲೂ ಆರ್‌ಸಿಯ ಹೆಸರು ಕೇಳುತ್ತೆ. ತಾಯಿ ಕಳೆದುಕೊಂಡ ಮಕ್ಕಳು ಕೃಷ್ಣಗಿರಿಯ ಕೋರ್ಟಿಗೆ ವರ್ಷಗಟ್ಟಲೆ ಅಲೆದು, ಒಂದು ತೀರ್ಪಿನ ಬಲದ ಮೇಲೆ ಕೇಳಿಕೊಳ್ಳಬೇಕು.

ಎದುರಿನ ಲಾರಿಯದೇ ತಪ್ಪಾದರೆ ಮಾತು ಬೇರೆ. ಆಗ ಅಕ್ಕ ಆ ಲಾರಿಯ ಪಾಲಿಸಿಗೆ ಮೂರನೆಯವಳು, ಪರಿಹಾರ ಪೂರ್ತಿ ಕೇಳಬಹುದು. ಶೂಳಗಿರಿ ಇಳಿಜಾರಿನಲ್ಲಿ ಹೆದ್ದಾರಿಯ ಲಾರಿಗಳನ್ನು ನೋಡಿದವರಿಗೆ ಇದೂ ಸಣ್ಣ ವಿಷಯ ಅಲ್ಲ. ನಾನು ಹೇಳುತ್ತಿರೋದು ತಪ್ಪು ನಮ್ಮದೇ ಆದಾಗಿನ, ಅಥವಾ ಯಾರದೂ ಅಲ್ಲದಾಗಿನ ಮಾತು.

ಹಾಗಾದರೆ ಲಂಡನ್ನಿನವರು ತಪ್ಪು ಕಾರಣಕ್ಕೆ ಸರಿಯಾದ ಮಾತು ಹೇಳಿದ್ದರು. ಹೆಸರು ಸೇರಿಸಬೇಕಾದದ್ದು ಓಡಿಸೋಕೆ ಅನುಮತಿಗಲ್ಲ, ಅವಳ ಜೀವಕ್ಕೆ. ಸುಂಕಪಟ್ಟಿಯಲ್ಲಿ ಅದಕ್ಕೆ ದಾರಿಯೂ ಇದೆ. ಐಎಂಟಿ 15 ಅನ್ನೋ ಎಂಡಾರ್ಸ್‌ಮೆಂಟು, ಅಂದರೆ ಪಾಲಿಸಿಗೆ ಸೇರಿಸುವ ಒಂದು ಪುರವಣಿ. ಅದರಲ್ಲಿ ಹೆಸರು ಬರೆದ ವ್ಯಕ್ತಿಗೆ ವೈಯಕ್ತಿಕ ಅಪಘಾತ ವಿಮೆ ಸಿಗುತ್ತೆ. ಸಂಬಳದ ಡ್ರೈವರ್‌ಗೆ ಇದು ಅಲ್ಲ, ಅವರಿಗೆ ಐಎಂಟಿ 17. ಹೆಸರಿಲ್ಲದ ಪ್ರಯಾಣಿಕರಿಗೆ ಐಎಂಟಿ 16. ಸಾಮಾನ್ಯವಾಗಿ ಶೋರೂಮಿನವರು 16ನ್ನು ಟಿಕ್ ಮಾಡಿಸಿ, "ಎಲ್ಲರಿಗೂ ಕವರ್ ಆಗಿದೆ" ಅಂತಾರೆ. ಆದರೆ ಅದು ಪ್ರಯಾಣಿಕರಿಗೆ. ಸ್ಟೇರಿಂಗ್ ಹಿಡಿದವಳನ್ನು ಪ್ರಯಾಣಿಕಳು ಅಂತ ಓದೋದು ಕಷ್ಟ.

ಏಜೆಂಟರಿಗೆ ಮತ್ತೆ ಫೋನ್ ಮಾಡಿ 15ರ ಬಗ್ಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರೂ ಕೇಳಲ್ಲಮ್ಮ ಇದನ್ನ" ಅಂದರು, ಈ ಸಲ ಕನ್ನಡದಲ್ಲಿ. ಸೇರಿಸಬಹುದು ಅಂದರು. ಮೊತ್ತ ಎಷ್ಟು ಅಂದರೆ 2 ಲಕ್ಷ. ಹಳೆಯ ಸುಂಕಪಟ್ಟಿ ಕಾರಿನಲ್ಲಿ ತಲೆಗೆ ಅಷ್ಟೇ ಮಿತಿ ಇಟ್ಟಿತ್ತು. ಅಕ್ಕ ಪಕ್ಕದಲ್ಲೇ ಇದ್ದಳು. "ನಿನ್ ಭಾವಂದು ಹದಿನೈದು, ನಂದು ಎರಡಾ?" ಅಂದಳು. ಭಾವ ನಗಲಿಲ್ಲ.

ವಿಚಿತ್ರ ಅಂದ್ರೆ ಅಕ್ಕನ ಹೆಸರಿನಲ್ಲೇ ಒಂದು ಸ್ಕೂಟಿ ಇದೆ. ಹೊಸೂರಿನಲ್ಲಿ ಟಿವಿಎಸ್ ಬಿಟ್ಟು ಬೇರೆ ಗಾಡಿ ತಗೊಂಡರೆ ನೆಂಟರು ಕಾರಣ ಕೇಳ್ತಾರೆ. ಆ ಸ್ಕೂಟಿಯ ಮೇಲೆ ಅವಳು ಮಾಲೀಕ-ಚಾಲಕಿ, 15 ಲಕ್ಷ. ಕೆಳಗಿಳಿದು ಗಂಡನ ಕಾರು ಹತ್ತಿದರೆ ಅದು ಅವಳ ಜೊತೆ ಬರೋದಿಲ್ಲ, ಯಾಕಂದ್ರೆ ಕಾರಿನ ಮಾಲೀಕಳು ಅವಳಲ್ಲ.

ಕೊನೆಗೆ ಅಕ್ಕ ಮಾಡಿದ್ದು ಇದು. ಕಾರಿನ ಪಾಲಿಸಿಯನ್ನು ಹಾಗೇ ಬಿಟ್ಟು, ತನ್ನ ಹೆಸರಿನಲ್ಲೇ ಪ್ರತ್ಯೇಕ ವೈಯಕ್ತಿಕ ಅಪಘಾತ ಪಾಲಿಸಿ ತಗೊಂಡಳು. ಅದು ಗಾಡಿಗೆ ಅಂಟಿಕೊಂಡದ್ದಲ್ಲ. ಕಾರಾಗಲಿ, ಬಸ್ಸಾಗಲಿ, ಶಾಲೆಯ ಮೆಟ್ಟಿಲಾಗಲಿ. ನನ್ನ ದೃಷ್ಟಿಯಲ್ಲೂ ಇದೇ ಒಳ್ಳೆಯದು. ಅಷ್ಟು ಹಣ ಹೊಂದಿಸಲಾಗದವರಿಗೆ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ: 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಐಎಂಟಿ 15ರಷ್ಟೇ ಮೊತ್ತ, ಮನೆಗೆಲಸಕ್ಕೆ ಬರುವ ನಮ್ಮ ಲಕ್ಷ್ಮಮ್ಮನಂಥವರೂ ಮಾಡಿಸಬಹುದು.

ಪ್ರಬಂಧ ಇಷ್ಟು. ಪ್ರಶ್ನೆಗಳಿದ್ದರೆ ಕೇಳಬಹುದು.

ಪ್ರಶ್ನೆ: ನಮ್ಮ ಮನೆಯಲ್ಲಿ ಉಲ್ಟಾ. ಸಾಲದ ಅನುಕೂಲಕ್ಕೆ ಕಾರು ನನ್ನ ಹೆಂಡತಿ ಹೆಸರಿನಲ್ಲಿದೆ. ಅವಳಿಗೆ ಲೈಸೆನ್ಸ್ ಇಲ್ಲ, ನಾನು ಓಡಿಸ್ತೀನಿ.

ಉತ್ತರ: ಸರ್, ಆಗ ಇನ್ನೂ ಕಷ್ಟ. ಮೂರನೆಯವರಿಗೆ, ಗಾಡಿಗೆ ತೊಂದರೆ ಇಲ್ಲ, ನಿಮಗೆ ಲೈಸೆನ್ಸ್ ಇದೆಯಲ್ಲ. ಆದರೆ ಮಾಲೀಕರಿಗೆ ಲೈಸೆನ್ಸ್ ಇಲ್ಲದಿದ್ದರೆ ಆ 15 ಲಕ್ಷದ ವಿಮೆ ಕೊಡೋ ಹಾಗೇ ಇಲ್ಲ. ನೀವು ಮಾಲೀಕರಲ್ಲ. ಅಂದರೆ ಇಬ್ಬರಿಗೂ ಇಲ್ಲ. ಪಾಲಿಸಿಯಲ್ಲಿ ಅದಕ್ಕೆ ದುಡ್ಡು ಹಿಡಿದಿದ್ದಾರಾ ನೋಡಿ, ಹಿಡಿದಿದ್ದರೆ ಕೇಳಿ. ನೀವಿಬ್ಬರೂ ಪ್ರತ್ಯೇಕ ಪಾಲಿಸಿ ಮಾಡಿಸೋದು ವಾಸಿ.

ಪ್ರಶ್ನೆ: ಹೆಂಡತಿ ಈಗ ಕಲೀತಿದ್ದಾರೆ, ಎಲ್‌ಎಲ್‌ಆರ್ ಮಾತ್ರ ಇದೆ ಅಂದ್ರೆ?

ಉತ್ತರ: ಎಲ್‌ಎಲ್‌ಆರ್ ಇದ್ದರೂ ಓಡಿಸಬಹುದು ಅಂತ ಅದೇ ಚಾಲಕನ ವಾಕ್ಯದಲ್ಲಿ ಇದೆ. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ಪಾಲಿಸಿರಬೇಕು. ಎಲ್ ಬೋರ್ಡ್ ಇರಬೇಕು, ಪಕ್ಕದಲ್ಲಿ ಲೈಸೆನ್ಸ್ ಇರೋರು ಗಾಡಿ ನಿಲ್ಲಿಸೋಕೆ ಆಗುವ ಹಾಗೆ ಕೂತಿರಬೇಕು. ಒಬ್ಬರೇ ಓಡಿಸಿದರೆ ಕಂಪನಿ ತಕರಾರು ತೆಗೆಯುತ್ತೆ. ಲೈಸೆನ್ಸೇ ಇಲ್ಲದವರಿಗೆ ಕೀ ಕೊಟ್ಟರೆ ಕೊಟ್ಟವರ ಮೇಲೂ ಕೇಸು, 2019ರ ತಿದ್ದುಪಡಿ ಆದಮೇಲೆ ದಂಡ 5,000.

ಪ್ರಶ್ನೆ: ಮಾಲೀಕ ಗಂಡ ತೀರಿಕೊಂಡರೆ, ಹೆಂಡತಿ ಆ ಪಾಲಿಸಿ ಮೇಲೆ ಕಾರು ಓಡಿಸಬಹುದಾ? ನಮ್ಮ ಚಿಕ್ಕಮ್ಮನ ಮನೆಯಲ್ಲಿ ಹೀಗಾಗಿದೆ, ಕಾರು ಎರಡು ತಿಂಗಳಿಂದ ನಿಂತೇ ಇದೆ.

ಉತ್ತರ: ಪಾಲಿಸಿ ತಕ್ಷಣ ಸಾಯೋದಿಲ್ಲ. ತೀರಿಕೊಂಡ ದಿನದಿಂದ ಮೂರು ತಿಂಗಳು, ಅಥವಾ ಪಾಲಿಸಿ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿವರೆಗೆ ಇರುತ್ತೆ. ಅಷ್ಟರೊಳಗೆ ಮರಣಪತ್ರ, ವಾರಸುದಾರರು ಅನ್ನೋದಕ್ಕೆ ದಾಖಲೆ, ಪಾಲಿಸಿ ತಗೊಂಡು ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ಹೊಸ ಪಾಲಿಸಿಯನ್ನೂ ಮಾಡಿಸಬಹುದು. ಚಿಕ್ಕಪ್ಪನ ನೋ ಕ್ಲೈಮ್ ಬೋನಸ್ ಇದ್ದರೆ ಅದು ಚಿಕ್ಕಮ್ಮನಿಗೆ ಬರುತ್ತೆ, ಕೇಳಿ ಪಡೀರಿ. ಎರಡು ತಿಂಗಳು ಆಗಿದೆ ಅಂದ್ರಲ್ಲ, ಇನ್ನು ತಡ ಮಾಡಬೇಡಿ. ಈ ವಾರವೇ ಹೋಗಿ.